ಅವರನ್ನ ತೆಗೆದುಕೊಡ್ತೀಯಾ?

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅತ್ತಿಗೆ ಒಂದು ಕೆಲಸ ಹೇಳಿದರು. ಅಡುಗೆಮನೆಯಲ್ಲಿ, ಊಟದ ಡಬ್ಬಿಯ ಮುಚ್ಚಳ ಅದುಮುತ್ತಾ, ನನ್ನ ಕಡೆ ನೋಡದೆ. ಡಿಸೆಂಬರಿನಲ್ಲಿ ನಾನು ತೆಗೆದ ಫೋಟೋ, ಮುಂಬಾಗಿಲ ಎದುರು ಮೂವರೂ ನಿಂತದ್ದು, ಇನ್ನೂ ಇದೆಯಾ ಎಂದು ಕೇಳಿದರು. ಇದೆ ಎಂದೆ. ಎರಡನೇ ಡಬ್ಬಿಯ ಮುಚ್ಚಳವನ್ನೂ ಹಾಕಿ ಮುಗಿಸಿ ಹೇಳಿದರು:

“ಅದರಲ್ಲಿ ಅವರನ್ನ ತೆಗೆದುಕೊಡ್ತೀಯಾ?”

ಕೊಡ್ತೀನಿ ಅತ್ತಿಗೆ ಎಂದೆ. ಎಂಟು ವಾರದಲ್ಲಿ ‘ಅವರು’ ಎಂಬ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು. ಆದರೆ ಅದನ್ನು ಹೇಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ ಎಂದು ಹೇಳುವಷ್ಟರಲ್ಲಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟರು.

‘ಅವರು’ ಅಂದರೆ ನನ್ನ ಅಣ್ಣ. ಜನವರಿ ಆರರಂದು ಎರಡು ಸೂಟ್‌ಕೇಸ್ ಹಿಡಿದು ಹೋದವನು. ಫ್ರಿಜ್ಜಿನ ಮೇಲೆ ಒಂದು ಹಾಳೆ ಇಟ್ಟಿದ್ದ. “ಇನ್ನು ನನ್ನಿಂದ ಆಗುವುದಿಲ್ಲ. ಹುಡಕಬೇಡಿ. ನಾನು ಚೆನ್ನಾಗಿರುತ್ತೇನೆ.” ಮೂರು ವಾಕ್ಯ, ಒಂದು ಕಾಗುಣಿತದ ತಪ್ಪು. ಆಫೀಸಿನಲ್ಲಿ ವಿಚಾರಿಸಿದರೆ, ತಾನೇ ಕೇಳಿಕೊಂಡು ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದಾನೆ ಎಂದರು. ಹೆಂಡತಿ, ಹದಿನೇಳು ವರ್ಷದ ಮಗಳು, ಹದಿಮೂರು ವರ್ಷದಿಂದ ಅವನ ಮನೆಯಲ್ಲೇ ಇರುವ ತಂಗಿ. ಮೂವರಿಗೆ ಮೂರು ವಾಕ್ಯ, ತಲೆಗೊಂದು. ಅಣ್ಣ ಎಂದು ಬರೆಯಲು ಕೈ ಒಪ್ಪುತ್ತಿಲ್ಲ. ಇನ್ನು ಮೇಲೆ ಈ ಪುಸ್ತಕದಲ್ಲಿ ಅವನು ‘ಅವನು’, ಅಷ್ಟೇ.

ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ತುಂಬಿದಾಗ ನನಗೆ ನಾನೇ ಒಂದು ಕ್ಯಾಮೆರಾ ಕೊಡಿಸಿಕೊಂಡೆ. ಹಳೆಯದು, ಪಕ್ಕದ ಬೀದಿಯ ಸ್ಟುಡಿಯೋದವರು ಬಳಸಿ ಬಿಟ್ಟದ್ದು. ಗುಂಡಿ ಒತ್ತಲು ಬರುತ್ತದೆ, ತೆಗೆದದ್ದನ್ನು ತಿದ್ದಲು ಬರುವುದಿಲ್ಲ. ಇಪ್ಪತ್ತು ವರ್ಷ ತಿದ್ದುವುದನ್ನೇ ಮಾಡಿದವಳು ಹೀಗೆ ಬರೆಯಬೇಕಾಗಿ ಬಂತು ನೋಡಿ.

ಆದರೂ ಅತ್ತಿಗೆಯ ಮಾತು ಕೇಳಿ ಸಂತೋಷವಾಯಿತು, ಅದನ್ನೂ ಬರೆದುಬಿಡುತ್ತೇನೆ. ಕರಡಿನಲ್ಲಿ ಬೇಡದ ಪದ ಕಂಡರೆ ನಾವು ಅದರ ಮೇಲೆ ಗೆರೆ ಎಳೆದು, ಅಂಚಿನಲ್ಲಿ ‘ತೆ’ ಎಂದು ಬರೆದು ಸುತ್ತು ಹಾಕುತ್ತೇವೆ. ತೆ ಅಂದರೆ ತೆಗೆ. ಅವನ ಮೇಲೆ ಅಂಥದೊಂದು ಸುತ್ತು ಹಾಕಲು ಎಂಟು ವಾರದಿಂದ ನನ್ನ ಕೈ ತುರಿಸುತ್ತಿತ್ತು.

ಮಾರ್ಚ್ 5, ಬುಧವಾರ

ತಲೆ ಚಿಟ್ಟು ಹಿಡಿದಿದೆ. ಫೋಟೋ ತಿದ್ದಲು ಯಾವ ತಂತ್ರಾಂಶ ಒಳ್ಳೆಯದು ಎಂದು ಇಬ್ಬರನ್ನು ಕೇಳಿದೆ, ಮೂರು ಉತ್ತರ ಬಂತು.

ಪ್ರೆಸ್ಸಿನಲ್ಲಿ ಪುಟ ಕಟ್ಟುವವರು, ನನ್ನ ಪಕ್ಕದ ಮೇಜಿನವರು, ತಗೊಳ್ಳೋದಾದರೆ ದೊಡ್ಡದನ್ನೇ ತಗೊಳ್ಳಿ ಎಂದರು. ಅದನ್ನು ಕೊಳ್ಳುವ ಹಾಗಿಲ್ಲವಂತೆ, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಂತೆ. ಮೊದಲ ಏಳು ದಿನ ಪುಕ್ಕಟೆ. ಮಧ್ಯಾಹ್ನ ಊಟವಾದ ಮೇಲೆ ಅವರೇ ಬಂದು, ಮನೆ ಕೆಲಸಕ್ಕಾದರೆ ಅಷ್ಟು ದೊಡ್ಡದು ಯಾಕೆ, ಪೂರ್ತಿ ಪುಕ್ಕಟೆಯದೂ ಒಂದಿದೆ, ಕನ್ನಡದಲ್ಲೂ ಬರುತ್ತದೆ ಎಂದರು. ಮನೆಗೆ ಬಂದು ಅತ್ತಿಗೆಯ ಮಗಳನ್ನು ಕೇಳಿದೆ. ಮನೆಯಲ್ಲಿ ಅವಳ ಹೆಸರು ಗಡಿಬಿಡಿ. ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಲೇ, “ಅತ್ತೆ, ಒಂದೇ ಗುಂಡಿ ಇರೋದು ಬಂದಿದೆ, ಒತ್ತಿದರೆ ಅದೇ ಎಲ್ಲಾ ಮಾಡುತ್ತೆ” ಎಂದು ಹೇಳಿ ಪಾಠಕ್ಕೆ ಓಡಿದಳು. ಏನು ಮಾಡಬೇಕು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತೆ ಎಂದು ಕೇಳಲು ಆಗಲಿಲ್ಲ.

ಹೀಗೆ ಬಾಡಿಗೆಯದು, ಪುಕ್ಕಟೆಯದು, ಒಂದೇ ಗುಂಡಿಯದು, ಮೂರಾದವು. ಇಂಟರ್ನೆಟ್ಟಿನಲ್ಲಿ ಇವುಗಳ ಹೋಲಿಕೆ ಓದಿದೆ. ಹದಿನಾರು ಪುಟ. ಎಲ್ಲವೂ ಹೊಸಬರಿಗೆ ಸುಲಭ ಎಂದು ಶುರುವಾಗಿ, ಎರಡನೇ ಪ್ಯಾರಾದಲ್ಲಿ ನನ್ನನ್ನು ಬಿಟ್ಟು ಮುಂದೆ ಹೋಗುತ್ತವೆ.

ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ನಾನು ಹಣೆ ಹಿಡಿದು ಕೂತದ್ದು ನೋಡಿ, ಅಂಗಡಿಯಲ್ಲಿ ಕೇಳುವ ಧಾಟಿಯಲ್ಲೇ, ಇದು ಸ್ಪಷ್ಟವಾ ಅದು ಸ್ಪಷ್ಟವಾ ಎಂದು ಕೇಳಿದರು. ಎರಡೂ ಮಂಜು ಎಂದೆ. ಸ್ವಲ್ಪ ನಕ್ಕರು.

ಮಾರ್ಚ್ 6, ಗುರುವಾರ

ಫೋಟೋ ಕಂಪ್ಯೂಟರಿಗೆ ಬಂತು, ಆದರೆ ಕಾಣುವುದಿಲ್ಲ. ‘ಕಚ್ಚಾ ಕಡತ’ ಅಂತೆ. ಕ್ಯಾಮೆರಾ ಎರಡು ಪ್ರತಿ ಇಡುತ್ತದಂತೆ, ಒಂದು ಕಚ್ಚಾ ಒಂದು ಪಕ್ಕಾ. ನಾನು ಪಕ್ಕಾದ್ದು ಯಾವುದೆಂದು ಗೊತ್ತಿಲ್ಲದೆ ಬೆಳಿಗ್ಗೆಯೆಲ್ಲ ಕಚ್ಚಾದ್ದನ್ನೇ ಕುಟುಕಿದೆ.

ಮಾರ್ಚ್ 9, ಭಾನುವಾರ

ಪುಕ್ಕಟೆಯದನ್ನು ಹಾಕಿಕೊಂಡೆ. ನಿಜಕ್ಕೂ ಕನ್ನಡದಲ್ಲಿದೆ. ಇಲ್ಲದಿದ್ದರೇ ಚೆನ್ನಾಗಿತ್ತು.

‘ಪದರಕ್ಕೆ ಮುಖವಾಡ ಸೇರಿಸು.’ ‘ಗುಣಪಡಿಸುವ ಕುಂಚ.’ ‘ತೇಲುವ ಆಯ್ಕೆಯನ್ನು ಲಂಗರು ಹಾಕು.’ ಇವನ್ನು ಅನುವಾದ ಮಾಡಿದವರಿಗೆ ಇದರ ತಲೆಬುಡ ಗೊತ್ತಿರಲಿಲ್ಲ, ಓದುವ ನನಗೂ ಗೊತ್ತಿಲ್ಲ, ಹಾಗಾಗಿ ನಾವಿಬ್ಬರೂ ಸಮ. ಕೆಂಪು ಪೆನ್ನು ಹಿಡಿದು ಪರದೆಯ ಮೇಲೇ ಗೀಚಿಬಿಡೋಣ ಅನ್ನಿಸಿತು.

ಎಲ್ಲಕ್ಕಿಂತ ಮೇಲೆ, ಪಟ್ಟಿಯಲ್ಲಿ ಮೊದಲನೆಯದೇ ‘ತೆಗೆ’. ಇರುವ ಫೋಟೋ ಹೋಗಿಬಿಟ್ಟರೆ ಎಂದು ಎಲ್ಲವನ್ನೂ ಮುಚ್ಚಿದೆ. ಗಡಿಬಿಡಿಯನ್ನು ಕರೆದು ತೋರಿಸಿದರೆ, “ಬಾಗಿಲು ತೆಗಿ ಅಂತೀವಲ್ಲ ಅತ್ತೆ, ಆ ತೆಗೆ” ಎಂದಳು. ಹಾಗಾದರೆ ‘ತೆರೆ’ ಎಂದು ಬರೆಯಬೇಕಿತ್ತು. ಯಾವ ಪುಣ್ಯಾತ್ಮರು ಕರಡು ನೋಡಿದರೋ. ಆದರೆ ಆಮೇಲೆ ಯೋಚಿಸಿದರೆ ತಪ್ಪು ಅವರದಲ್ಲ ಅನ್ನಿಸುತ್ತದೆ. ನಮ್ಮ ಮಾತಿನಲ್ಲಿ ಫೋಟೋ ತೆಗೆದರೆ ಬರುತ್ತದೆ, ಕಲೆ ತೆಗೆದರೆ ಹೋಗುತ್ತದೆ, ಬಾಗಿಲು ತೆಗೆದರೆ ಅಲ್ಲೇ ಇರುತ್ತದೆ.

ಸಂಜೆಯ ಹೊತ್ತಿಗೆ ಗುಣಪಡಿಸುವ ಕುಂಚದಿಂದ ಅವನ ಎಡಗಿವಿಯನ್ನು ಮಾತ್ರ ತೆಗೆದೆ. ಆ ಜಾಗದಲ್ಲಿ ಅತ್ತಿಗೆಯ ಸೀರೆಯ ಅಂಚು ಬಂದು ಕೂತಿತು.

ಮಾರ್ಚ್ 12, ಬುಧವಾರ

ಊಟದ ಮೇಜಿನ ಮೇಲೆ ಒಂದು ಚೀಟಿ. ಅಂಗಡಿಯ ರಸೀದಿಯ ಬೆನ್ನಿಗೆ ಅತ್ತಿಗೆಯ ಅಕ್ಷರ: “ಮೊದಲ ಮಹಡಿ, ಎರಡು ಕೋಣೆ, ಬಸ್‌ಸ್ಟಾಪ್ ಹತ್ತಿರ, ಏಪ್ರಿಲ್ ಎರಡನೇ ವಾರ.”

ಈ ಮನೆಯ ಕರಾರು ಅವನ ಹೆಸರಲ್ಲಿದೆ, ಏಪ್ರಿಲಿಗೆ ಮುಗಿಯುತ್ತದೆ. ಬೇರೆ ಮನೆ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಇಲ್ಲಿ ಮೂರು ಕೋಣೆ, ಅಲ್ಲಿ ಎರಡು. ಅತ್ತಿಗೆಗೊಂದು, ಗಡಿಬಿಡಿಗೊಂದು. ಅವಳಿಗೆ ಪರೀಕ್ಷೆಯ ವರ್ಷ, ಒಂದು ಕೋಣೆ ಬೇಕೇ ಬೇಕು. ಅವರ ಎಣಿಕೆಯಲ್ಲಿ ತಪ್ಪೇನೂ ಇಲ್ಲ.

ನಾನು ಅವನ ತಂಗಿ ಎಂದು ಈ ಮನೆಗೆ ಬಂದವಳು. ಅವನೇ ಇಲ್ಲದ ಮೇಲೆ ನಾನು ಅತ್ತಿಗೆಗೆ ಏನಾಗಬೇಕು? ನಡುವಿನ ಪದ ಬಿದ್ದುಹೋದ ವಾಕ್ಯದಲ್ಲಿ ಕೊನೆಯ ಪದಕ್ಕೆ ಅರ್ಥವಿರುವುದಿಲ್ಲ, ಅದನ್ನೂ ಹೊಡೆದುಹಾಕುತ್ತೇವೆ. ಮಧ್ಯಾಹ್ನ ಪ್ರೆಸ್ಸಿನಿಂದ ಕೆಲಸದ ಹೆಂಗಸರ ಹಾಸ್ಟೆಲಿಗೆ ಫೋನ್ ಮಾಡಿ ಜಾಗ ಇದೆಯಾ ಎಂದು ಕೇಳಿದೆ. ಕ್ಯಾಮೆರಾ, ಕಂಪ್ಯೂಟರ್ ಎಲ್ಲ ತರಬಹುದಾ ಎಂದೂ ಕೇಳಿದೆ. ಮೇಜು ಮಾತ್ರ ಹಿಡಿಸುವುದಿಲ್ಲ ಎಂದರು.

ಅತ್ತಿಗೆಯನ್ನು ನೇರವಾಗಿ ಕೇಳಬಹುದು. ಕೇಳಿದರೆ ಉತ್ತರ ಬರುತ್ತದೆ, ಅದೇ ಭಯ. ಅದಕ್ಕಿಂತ ಈ ಫೋಟೋ ಒಂದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟುಬಿಡುತ್ತೇನೆ. ನಾನು ಯಾರ ಕಡೆಯವಳು ಎಂದು ಅದರಲ್ಲೇ ಅವರಿಗೆ ಗೊತ್ತಾಗಲಿ.

ಮಾರ್ಚ್ 16, ಭಾನುವಾರ

ಒಂದೇ ಗುಂಡಿಯದನ್ನು ಗಡಿಬಿಡಿಯೇ ನನ್ನ ಫೋನಿಗೆ ಹಾಕಿಕೊಟ್ಟಳು. ಬೆರಳಿನಿಂದ ಅವನ ಸುತ್ತ ಗೆರೆ ಎಳೆಯಬೇಕು, ಗುಂಡಿ ಒತ್ತಬೇಕು. ಒತ್ತಿದೆ. ಎಣಿಸಿ ಐದು ಸೆಕೆಂಡು. ಅವನು ಹೋದ. ಅವನ ಜಾಗದಲ್ಲಿ ಒಂದು ಹೂಕುಂಡ ಬಂತು. ನಮ್ಮ ಮನೆಯಲ್ಲಿ ಹೂಕುಂಡವೇ ಇಲ್ಲ. ಹೂಕುಂಡಕ್ಕೆ ಒಂದು ಕೈ ಇತ್ತು, ಆ ಕೈ ಗಡಿಬಿಡಿಯ ಭುಜದ ಮೇಲಿತ್ತು.

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇನ್ನೊಮ್ಮೆ ಒತ್ತಿ ಅತ್ತೆ ಎಂದಳು. ಒತ್ತಿದೆ. ಈ ಸಲ ಒಬ್ಬ ಗುರುತಿಲ್ಲದ ಗಂಡಸು ಬಂದು ನಿಂತ, ಹಲ್ಲು ಕಿರಿದುಕೊಂಡು. ಮೂರನೇ ಸಲ ಅತ್ತಿಗೆಯ ಪಕ್ಕದಲ್ಲಿ ಇನ್ನೊಬ್ಬ ಅತ್ತಿಗೆ. ನಾನು ನಗುತ್ತಲೇ ಇದ್ದೆ. ಪಕ್ಕದಲ್ಲಿ ನಗುವ ಸದ್ದು ನಿಂತದ್ದು ತಡವಾಗಿ ಗೊತ್ತಾಯಿತು. ಗಡಿಬಿಡಿ ತನ್ನ ಭುಜವನ್ನು ಒಂದು ಕೈಯಿಂದ ಹಿಡಿದುಕೊಂಡು ಪರದೆ ನೋಡುತ್ತಿದ್ದಳು. ಇದನ್ನೆಲ್ಲ ಯಾಕೆ ಮಾಡ್ತಿದ್ದೀರಿ ಅತ್ತೆ ಎಂದು ಕೇಳಿದಳು. ನಿಮ್ಮಮ್ಮ ಹೇಳಿದ್ದಾರೆ ಎಂದೆ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಯಾವತ್ತೂ ಬಾಗಿಲನ್ನು ಇಷ್ಟು ಮೆತ್ತಗೆ ಹಾಕಿದವಳಲ್ಲ.

ಮಾರ್ಚ್ 17, ಸೋಮವಾರ

ಒಂದೇ ಗುಂಡಿಯದನ್ನು ಅಳಿಸಿದೆ. ನಿಜವಾಗಿಯೂ ಅಳಿಸಲೇ ಎಂದು ಎರಡು ಸಲ ಕೇಳಿತು. ಹೂಕುಂಡ ತರುವಾಗ ಒಮ್ಮೆಯೂ ಕೇಳಿರಲಿಲ್ಲ.

ಮಾರ್ಚ್ 20, ಗುರುವಾರ

ಬಾಡಿಗೆಯದರ ಏಳು ದಿನ ಇಂದಿನಿಂದ ಶುರು. ಪುಟ ಕಟ್ಟುವವರು ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಪದರ ಅಂದರೆ ಏನು ಎಂದು ಕೊನೆಗೂ ತಿಳಿಯಿತು. ಮೂಲ ಫೋಟೋದ ಮೇಲೆ ಗಾಜಿನ ಹಾಳೆ ಇಟ್ಟು ಅದರ ಮೇಲೆ ತಿದ್ದುವುದು, ಕೆಳಗಿನದು ಹಾಗೇ ಇರುತ್ತದೆ. ಕರಡಿನ ಅಂಚಿನಲ್ಲಿ ಬರೆದ ಹಾಗೆ. ಇಷ್ಟು ಹೇಳಲು ಹದಿನಾರು ಪುಟ ಬೇಕಿತ್ತಾ?

ಕೆಲಸವೆಲ್ಲ ಅಂಚಿನಲ್ಲಂತೆ. ಎಲ್ಲಿ ಅವನು ಮುಗಿಯುತ್ತಾನೆ, ಎಲ್ಲಿ ಬಾಗಿಲು ಶುರುವಾಗುತ್ತದೆ ಎಂದು ಎಂಟು ಪಟ್ಟು ದೊಡ್ಡದು ಮಾಡಿ ನೋಡಬೇಕು. ನೋಡಿದೆ. ಅಂಗಿಯ ಕಾಲರ್ ಸವೆದು ನೂಲು ಎದ್ದಿದೆ. ಬಲಗೈಯಲ್ಲಿ ಸ್ಕೂಟರಿನ ಕೀ. ಮನೆಯ ಮುಂದೆ, ಭಾನುವಾರ, ಎಲ್ಲೂ ಹೊರಡುವುದಿಲ್ಲದೆ, ಕೀ ಹಿಡಿದು ನಿಂತಿದ್ದಾನೆ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಸ್ಟುಡಿಯೋದವರ ಹತ್ತಿರ ಹೋದೆ, ಯಾವುದು ಇಟ್ಟುಕೊಳ್ಳಲಿ ಯಾವುದು ಬಿಡಲಿ ಎಂದು ಕೇಳಲು. ಬಾಡಿಗೆಯದರಲ್ಲಿ ಕೆಲಸ ನಾಜೂಕು, ಆದರೆ ನಾಲ್ಕು ದಿನದಲ್ಲಿ ಅದು ಬಾಗಿಲು ಹಾಕಿಕೊಳ್ಳುತ್ತದೆ. ಪುಕ್ಕಟೆಯದು ಎಂದೆಂದಿಗೂ ನನ್ನದು, ಆದರೆ ಅದರ ಭಾಷೆ ನನಗೆ ಬರುವುದಿಲ್ಲ. ಅವರು ಒಬ್ಬರ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ, ಏನು ಮಾಡಬೇಕಾಗಿದೆ ಎಂದು ಕೇಳಿದರು. ಒಬ್ಬರನ್ನು ತೆಗೆಯಬೇಕು ಎಂದೆ.

“ತೆಗೆಯೋದು ಯಾವುದರಲ್ಲಾದರೂ ಆಗುತ್ತೆ ಮೇಡಂ. ಆ ಜಾಗದಲ್ಲಿ ಏನು ಇಡ್ತೀರಿ ಅನ್ನೋದು ಮೊದಲು ಹೇಳಿ.”

ನಾನು ಕೇಳಿದ್ದು ಒಂದು, ಅವರು ಹೇಳುವುದು ಇನ್ನೊಂದು. ಯಾವುದು ಒಳ್ಳೆಯದು ಎಂದು ಹೇಳಿಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು. ಮುಖ ಊದಿಸಿಕೊಂಡು ಬಂದೆ.

ಆದರೆ ಅವರು ಹೇಳಿದ್ದು ತಲೆಯಲ್ಲಿ ಕೂತಿತು. ಅವನ ಹಿಂದೆ ಇರುವುದು ನಮ್ಮ ಮುಂಬಾಗಿಲು. ಕಾಣದ ಬಾಗಿಲನ್ನು ಎಲ್ಲಿಂದ ತರುವುದು? ಆಗ ನೆನಪಾಯಿತು, ಕ್ಯಾಮೆರಾ ತಂದ ಮೊದಲ ತಿಂಗಳು ನಾನು ಮನುಷ್ಯರನ್ನು ತೆಗೆಯಲು ನಾಚಿಕೊಂಡು ಬರೀ ಬಾಗಿಲು, ಕುರ್ಚಿ, ಕಿಟಕಿಯ ಸರಳು ತೆಗೆದಿದ್ದೆ. ಖಾಲಿ ಬಾಗಿಲಿನ ಫೋಟೋ ನನ್ನ ಹತ್ತಿರ ನಲವತ್ತೆರಡು ಇವೆ. ಅದೇ ಬಾಗಿಲು, ಅದೇ ಹೊತ್ತಿನ ಬೆಳಕು. ಒಂದನ್ನು ಎತ್ತಿ ಅವನ ಕೆಳಗಿನ ಪದರದಲ್ಲಿ ಇಟ್ಟೆ.

ಮಧ್ಯಾಹ್ನವೆಲ್ಲ ತಲೆಯ ಸುತ್ತ ಕೆಲಸ. ಇಷ್ಟು ಹತ್ತಿರದಿಂದ ಅಣ್ಣನ ಮುಖ ನೋಡಿ ಎಷ್ಟು ವರ್ಷವಾಯಿತೋ. ಕಣ್ಣಿನ ಕೆಳಗೆ ಕಪ್ಪು. ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ನಾನು ನಗು ನಗು ಎಂದು ಹೇಳಿದ್ದೆ, ಬಾಯಿ ಮಾತ್ರ ನಕ್ಕಿದೆ. ಕಣ್ಣು ಕ್ಯಾಮೆರಾವನ್ನು ನೋಡುತ್ತಿಲ್ಲ, ನನ್ನ ಹೆಗಲಿನ ಮೇಲೆ ಹಾದು ಬೀದಿ ನೋಡುತ್ತಿದೆ. ಈ ಮುಖ ನೋಡುತ್ತಲೇ ನಾನು ಅವತ್ತು ಬೆಳಕು ಸರಿಯಿದೆಯಾ, ಎಲ್ಲರ ಕಾಲೂ ಬಂದಿದೆಯಾ ಎಂದು ನೋಡುತ್ತಿದ್ದೆ. ಕರಡು ತಿದ್ದುವವರ ಗೋಳೇ ಇದು, ಅಕ್ಷರ ಅಕ್ಷರ ನೋಡುತ್ತೇವೆ, ಏನು ಬರೆದಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಕೋಪ ಬಂದಿದೆಯಾ ಹೋಗಿದೆಯಾ ತಿಳಿಯುತ್ತಿಲ್ಲ. ಅಳು ಬಂತು, ಅದು ಮಾತ್ರ ಗೊತ್ತು.

ಮಾರ್ಚ್ 26, ಬುಧವಾರ

ಮುಗಿಯಿತು. ಬಾಡಿಗೆಯದರ ಕೊನೆಯ ದಿನ, ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಮುಗಿಸಿದೆ. ಕೊನೆಗೆ ಉಳಿದದ್ದು ಗಡಿಬಿಡಿಯ ಭುಜದ ಮೇಲಿನ ನಾಲ್ಕು ಬೆರಳು. ಅವನ್ನು ಒಂದೊಂದಾಗಿ ತೆಗೆದೆ.

ಯಾರು ನೋಡಿದರೂ ಗೊತ್ತಾಗುವುದಿಲ್ಲ. ಅತ್ತಿಗೆ, ಗಡಿಬಿಡಿ, ನಡುವೆ ಬಾಗಿಲು. ಪುಟ ಕಟ್ಟುವವರಿಗೆ ತೋರಿಸಿದೆ, ಶಹಬ್ಬಾಸ್ ಎಂದರು. ಖುಷಿಯಾಗಬೇಕಿತ್ತು.

ಮಾರ್ಚ್ 29, ಶನಿವಾರ

ಇದನ್ನು ಹೇಗೆ ಬರೆಯಲಿ. ಮೊದಲಿನಿಂದ ಬರೆಯುತ್ತೇನೆ.

ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಲಕೋಟೆಯಲ್ಲಿಟ್ಟು, ಸಂಜೆ ಅತ್ತಿಗೆ ಬಂದು ಕೈಕಾಲು ತೊಳೆದ ಮೇಲೆ ಕೊಟ್ಟೆ. ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಲಕೋಟೆಯ ಒಳಗೆ ಇನ್ನೊಂದಿದೆಯೇನೋ ಎಂದು ಬೆರಳು ಹಾಕಿ ನೋಡಿದರು.

“ಇವರೆಲ್ಲಿ?”

“ತೆಗೆದಿದ್ದೀನಿ ಅತ್ತಿಗೆ. ನೀವು ಹೇಳಿದ್ರಲ್ಲ.”

“ನಾನು ಹೇಳಿದ್ದು ತೆಗೆದುಕೊಡು ಅಂತ. ತೆಗೆದುಹಾಕು ಅಂತಲ್ಲ.”

ಕೊಡು, ಹಾಕು. ಇಪ್ಪತ್ತು ವರ್ಷ ಬೇರೆಯವರ ವಾಕ್ಯದಲ್ಲಿ ಇಂಥವನ್ನು ಹೆಕ್ಕಿ ಹೆಕ್ಕಿ ತೋರಿಸಿದವಳು ನಾನು. ಅವರು ಕೇಳಿದ್ದು, ಗುಂಪಿನಿಂದ ಅವನೊಬ್ಬನನ್ನೇ ಬೇರೆ ಮಾಡಿ ಕೊಡು ಎಂದು. ನಾಲ್ಕು ವಾರ ನಾನು ಮಾಡಿದ್ದು ಅದರ ತದ್ವಿರುದ್ಧ. ಕಿವಿಗೆ ಬಿದ್ದದ್ದು ಅವರ ಮಾತಲ್ಲ, ನನ್ನ ಅಂಚಿನ ‘ತೆ’.

ಅವನ ಫೋಟೋ ನಿಮಗೆ ಯಾಕೆ ಬೇಕು ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅತ್ತಿಗೆ ಕುರ್ಚಿ ಎಳೆದು ಕೂತರು.

“ಬೈಯೋಕೆ. ಜನವರಿಯಿಂದ ಹೊಟ್ಟೆಯೊಳಗೆ ಇಟ್ಕೊಂಡಿದ್ದೀನಿ. ಗೋಡೆಗೆ ಬೈಯಲಾ? ಎದುರಿಗೆ ಒಂದು ಮುಖ ಬೇಕಲ್ಲ. ಮನೆ ಫೋಟೋ ಎಲ್ಲಾ ತೆಗೆದೋರು ಅವರೇ, ಹಾಗಾಗಿ ಯಾವುದರಲ್ಲೂ ಅವರಿಲ್ಲ. ಮದುವೆ ಫೋಟೋದಲ್ಲಿ ಇದ್ದಾರೆ, ಆ ಹುಡುಗ ಏನು ತಪ್ಪು ಮಾಡಿದ್ದಾನೆ, ಅವನಿಗೆ ಯಾಕೆ ಬೈಲಿ? ಇದೊಂದೇ ಈಗಿನದು. ಆದರೆ ಪಕ್ಕದಲ್ಲೇ ಮಗಳು ನಗ್ತಾ ನಿಂತಿದ್ದಾಳೆ. ಅವಳ ಮುಂದೆ ನನ್ನ ಬಾಯಿ ಬರಲ್ಲ.”

ಫೋಟೋವನ್ನು ಮೇಜಿನ ಮೇಲಿಟ್ಟು, ಅದನ್ನು ನನ್ನ ಕಡೆಗೆ ತಿರುಗಿಸಿ ಹೇಳಿದರು:

“ನಾವು ಹೇಗೂ ಇಲ್ಲೇ ಇದ್ದೀವಲ್ಲ. ನಮ್ಮ ಫೋಟೋ ನನಗೆ ಯಾತಕ್ಕೆ?”

ಗಡಿಬಿಡಿ ಯಾವಾಗ ಬಂದು ನಿಂತಳೋ ಗೊತ್ತಿಲ್ಲ. ಫೋಟೋ ಎತ್ತಿಕೊಂಡು ತನ್ನ ಭುಜವನ್ನು ನೋಡಿದಳು. “ಅಮ್ಮ, ನೀನು ಅಪ್ಪನ್ನ ತೆಗೆಸಿಬಿಟ್ಟೆ ಅಂದ್ಕೊಂಡಿದ್ದೆ,” ಎಂದಳು. ಅಷ್ಟೇ ಹೇಳಿ ಅತ್ತಿಗೆಯ ಕುತ್ತಿಗೆಗೆ ಜೋತುಬಿದ್ದಳು. ಹದಿಮೂರು ದಿನ ಈ ಮಗು ಅದನ್ನು ಮನಸ್ಸಲ್ಲಿ ಇಟ್ಟುಕೊಂಡಿತ್ತು, ಅದನ್ನು ಹಾಕಿದವಳು ನಾನು. ಇಬ್ಬರೂ ಅಳುತ್ತಿದ್ದರು. ನಾನು ಏನು ಮಾಡಬೇಕೋ ತಿಳಿಯದೆ ಟೀಗೆ ನೀರಿಟ್ಟೆ. ಮೂರು ಲೋಟದ ಬದಲು ನಾಲ್ಕು ಲೋಟದ ನೀರು.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಅಣ್ಣನನ್ನು ತೆಗೆದುಕೊಟ್ಟೆ. ಬಾಡಿಗೆಯದೂ ಬೇಕಾಗಲಿಲ್ಲ, ಪುಕ್ಕಟೆಯದೂ ಬೇಕಾಗಲಿಲ್ಲ. ಕಂಪ್ಯೂಟರಿನ ಜೊತೆಗೇ ಬಂದದ್ದೊಂದು ಇತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕತ್ತರಿಸುವ ಗುರುತು ಒತ್ತಿ ನಾಲ್ಕು ಮೂಲೆ ಎಳೆದೆ. ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಒಂದು ತೊಡಕಾಯಿತು. ಅಣ್ಣನ ಎಡಗೈ ಗಡಿಬಿಡಿಯ ಭುಜದ ಮೇಲಿದೆಯಲ್ಲ, ಕೈ ಬೇಕೆಂದರೆ ಭುಜವೂ ಒಂದಿಷ್ಟು ಬರುತ್ತದೆ. ಅದನ್ನು ಬಿಡಿಸಲಾ ಎಂದು ಅತ್ತಿಗೆಯನ್ನು ಕೇಳಿದೆ. ಈ ಸಲ ಕೇಳಿದೆ.

“ಇರಲಿ” ಎಂದರು.

ಕರಡಿನಲ್ಲಿ ತಪ್ಪಾಗಿ ಹೊಡೆದ ಪದವನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿ ಇಟ್ಟು, ಅಂಚಿನಲ್ಲಿ ನಾವು ಬರೆಯುವುದೂ ಅದನ್ನೇ.

ಪ್ರಿಂಟ್ ತೆಗೆದುಕೊಂಡು ಅತ್ತಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೂ ಗಡಿಬಿಡಿಯೂ ಹೊರಗೆ ಕೂತೆವು. ಆಮೇಲೆ ಶುರುವಾಯಿತು. ಹತ್ತೊಂಬತ್ತು ವರ್ಷದ ಬೈಗುಳ. ಒದ್ದೆ ಟವೆಲ್, ಮರೆತ ಹುಟ್ಟುಹಬ್ಬ, ಕೇಳಿದ್ದಕ್ಕೆ ಉತ್ತರ ಕೊಡದೆ ಪೇಪರ್ ಹಿಡಿಯುವುದು, ಎಲ್ಲಾ ಬಂತು. ಆಗದು ಅಂದರೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಎಂದು ಒಂದೇ ಮಾತನ್ನು ನಾಲ್ಕು ಸಲ ಕೇಳಿದರು. ನಡುವೆ ಒಮ್ಮೆ, “ಆ ಹುಡುಗಿ ನಾಲ್ಕು ವಾರ ಕಣ್ಣು ಕೆಂಪು ಮಾಡ್ಕೊಂಡು ಕೂತಿದ್ದಳು, ಅದೂ ನಿಮ್ಮಿಂದಲೇ” ಎಂದದ್ದು ಕೇಳಿಸಿತು. ಯಾವ ಹುಡುಗಿ ಎಂದು ಗಡಿಬಿಡಿಯ ಮುಖ ನೋಡಿದೆ. ಅವಳು ನನ್ನ ಕಡೆ ಬೆರಳು ತೋರಿಸಿದಳು. ನನಗೆ ನಲವತ್ತಮೂರು ತುಂಬಿದೆ.

ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದು ಹಸಿವಾಗುತ್ತಿದೆ ಎಂದರು.

ಏಪ್ರಿಲ್ 2, ಬುಧವಾರ

ಸಂಜೆ ಅತ್ತಿಗೆ ಅಳತೆಯ ಪಟ್ಟಿ ಹಿಡಿದು ನನ್ನ ಕೋಣೆಗೆ ಬಂದರು. ನಿನ್ನ ಮೇಜಿನ ಉದ್ದ ಎಷ್ಟು, ಬಾಗಿಲಲ್ಲಿ ಹಿಡಿಸಬೇಕಲ್ಲ ಎಂದರು. ಹಾಸ್ಟೆಲಿನವರು ಮೇಜು ಬೇಡ ಎಂದಿದ್ದಾರೆ ಎಂದೆ. ಯಾವ ಹಾಸ್ಟೆಲ್ ಎಂದರು. ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು, ಚೀಟಿ ನೋಡಿದ್ದು, ಎರಡು ಕೋಣೆ ಎಣಿಸಿದ್ದು, ಫೋನ್ ಮಾಡಿದ್ದು, ನಾನು ಅವನ ಕಡೆಯವಳಲ್ಲ ಎಂದು ತೋರಿಸಲು ಆ ಫೋಟೋಗೆ ಜೋತುಬಿದ್ದದ್ದು. ಅತ್ತಿಗೆ ಪಟ್ಟಿಯನ್ನು ಸುರುಳಿ ಸುತ್ತುತ್ತಾ ಪೂರ್ತಿ ಕೇಳಿದರು.

“ನಾನೂ ಅವಳೂ ಇಬ್ಬರೇ ಆಗಿದ್ದರೆ ಒಂದು ಕೋಣೆ ಸಾಕಾಗಿತ್ತಲ್ಲೇ. ಎರಡು ಯಾಕೆ ಹುಡುಕ್ತಿದ್ದೆ?”

ಒಂದು ಅವರಿಬ್ಬರಿಗೆ, ಒಂದು ನನಗೂ ನನ್ನ ಕಂಪ್ಯೂಟರಿಗೂ. ಬೆಳಕು ಚೆನ್ನಾಗಿರುವುದು ನನ್ನ ಕೋಣೆಯಂತೆ. ನನಗೆ ತಿಳಿಯದೆಯೇ ಅದು ಮಾರ್ಚ್ ಮೊದಲ ವಾರದಲ್ಲೇ ತೀರ್ಮಾನವಾಗಿತ್ತಂತೆ. ಹೇಳಬಾರದಿತ್ತಾ ಎಂದರೆ, ಅದರಲ್ಲಿ ಹೇಳೋದೇನಿದೆ ಎಂದು ಅವರು ನನ್ನನ್ನೇ ಕೇಳಿದರು.

ಮೇಜು ನಾಲ್ಕು ಅಡಿ ಎರಡು ಇಂಚು.

ಏಪ್ರಿಲ್ 6, ಭಾನುವಾರ

ಪುಕ್ಕಟೆಯದನ್ನೇ ಇಟ್ಟುಕೊಂಡೆ. ಅದರ ಕನ್ನಡವನ್ನು ತಿದ್ದಲು ಯಾರು ಬೇಕಾದರೂ ಕೈಹಾಕಬಹುದಂತೆ, ಪುಟ ಕಟ್ಟುವವರು ಹೇಳಿದರು. ‘ತೆಗೆ’ ಎಂಬುದನ್ನು ‘ತೆರೆ’ ಎಂದು ತಿದ್ದಿ ಕಳಿಸೋಣ ಎಂದು ಕೂತೆ. ಬಹಳ ಹೊತ್ತು ನೋಡಿ, ಹಾಗೇ ಬಿಟ್ಟೆ. ಯಾಕೆಂದು ಗೊತ್ತಿಲ್ಲ.

ನಡುವೆ ಬಾಗಿಲಿರುವ ಆ ಫೋಟೋವನ್ನು ಗಡಿಬಿಡಿ ತನ್ನ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದಾಳೆ. ನಮ್ಮ ಮನೆಯ ಬಾಗಿಲು ಚೆನ್ನಾಗಿ ಬಂದಿದೆ ಅತ್ತೆ ಎನ್ನುತ್ತಾಳೆ. ಅಣ್ಣನಿಗೆ ಅದರ ಒಂದು ಪ್ರತಿ ಕಳಿಸೋಣವೇ ಎಂದು ಒಮ್ಮೆ ಅನ್ನಿಸಿತು, ಬೇಡ ಅನ್ನಿಸಿತು. ಅತ್ತಿಗೆ ಬೈದು ಮುಗಿಸಲಿ, ಆಮೇಲೆ ನನ್ನ ಸರದಿ.

ಏಪ್ರಿಲ್ 13, ಭಾನುವಾರ

ಇವತ್ತು ಮನೆ ಬದಲಾಯಿಸಿದೆವು. ಸಾಮಾನಿನ ಗಾಡಿ ಹಿಂದೆ ಬರುತ್ತಿತ್ತು, ನಾವು ಮೂವರು ಮೊದಲು ಬಂದೆವು. ಮೊದಲ ಮಹಡಿ, ಹಸಿರು ಬಣ್ಣದ ಬಾಗಿಲು, ಕೆಳಗಡೆ ಬಣ್ಣ ಎದ್ದಿದೆ. ನನ್ನ ಕುತ್ತಿಗೆಯಲ್ಲಿ ಕ್ಯಾಮೆರಾ, ಗಡಿಬಿಡಿಯ ಕೈಯಲ್ಲಿ ದಿಂಬು, ಅತ್ತಿಗೆಯ ಎರಡೂ ಕೈಯಲ್ಲಿ ಚೀಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಗಡಿಬಿಡಿ ಅವರ ಪಕ್ಕಕ್ಕೆ ಬಂದು ನಿಂತಳು. ನನ್ನನ್ನು ನೋಡಿ ಅತ್ತಿಗೆ, “ತೆಗಿ” ಎಂದರು.

ನಾನು ಕ್ಯಾಮೆರಾದ ಮುಚ್ಚಳಕ್ಕೆ ಕೈಹಾಕಿದವಳು ತಡೆದೆ.

“ಫೋಟೋನಾ ಅತ್ತಿಗೆ, ಬಾಗಿಲಾ?”

ಚೀಲ ಹಿಡಿದ ಕೈಯ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಕೀಯನ್ನು ನನ್ನ ಕಡೆ ಚಾಚಿದರು.

“ಮೊದಲು ಬಾಗಿಲು,” ಎಂದರು. “ನಿನ್ನ ಮನೆ, ನೀನೇ ತೆಗಿ.”